ಕ್ಲೇಮ್ ಫಾರ್ಮಿನ ಮೇಲಿನ ಸಹಿ ನಿಮ್ಮದು

ಕಾರು ವಿಮೆಯ ಪ್ರೀಮಿಯಂ ಏರುವುದಕ್ಕೆ ಸುಳ್ಳು ಕ್ಲೇಮುಗಳೂ ಒಂದು ಕಾರಣ ಎಂದು ಕಳೆದ ಸಂಚಿಕೆಯಲ್ಲಿ ಬರೆದಿದ್ದೆ. ಅದಕ್ಕೆ ಬಂದ ಪತ್ರಗಳಲ್ಲಿ ಕೆಲವು ಸಿಟ್ಟಿನವು, ಕೆಲವು ಗಾಬರಿಯವು. ಹೆಸರು ಪ್ರಕಟಿಸಬೇಡಿ ಎಂದು ಹೆಚ್ಚಿನವರು ಕೇಳಿಕೊಂಡಿರುವುದರಿಂದ ಊರನ್ನಷ್ಟೇ ಉಳಿಸಿಕೊಂಡಿದ್ದೇನೆ. ನಾನು ದಾವಣಗೆರೆಯಲ್ಲಿ ವಾಹನ ವಿಮೆಯ ಸರ್ವೇಯರ್ ಆಗಿ ದುಡಿದು ನಿವೃತ್ತನಾದವನು, ವಕೀಲನಲ್ಲ. ಪ್ರಕರಣ ಈಗಾಗಲೇ ನ್ಯಾಯಾಲಯದಲ್ಲಿದ್ದರೆ ನಿಮ್ಮ ವಕೀಲರ ಮಾತನ್ನೇ ಕೇಳಿ.

ಮನೆಯ ಕಾಂಪೌಂಡಿನೊಳಗೆ ತಿರುಗಿಸುವಾಗ ನಮ್ಮ ಕಾರಿನ ಹಿಂದಿನ ಎಡಬಾಗಿಲು ಗೋಡೆಗೆ ಉಜ್ಜಿತು. ಗ್ಯಾರೇಜಿನವರು ಮೊದಲು 3,500 ರೂಪಾಯಿ ಹೇಳಿದರು. ಆಮೇಲೆ ಅವರೇ, “ಮೇಡಂ, ಕೈಯಿಂದ ಏಕೆ ಕೊಡುತ್ತೀರಿ? ಮುಂದಿನ ಬಂಪರ್ ಹೇಗೂ ಮೊದಲೇ ಸೀಳಿದೆ. ಎರಡನ್ನೂ ಸೇರಿಸಿ ಒಂದೇ ಕ್ಲೇಮ್ ಮಾಡೋಣ. ಫಾರ್ಮಿಗೆ ಸಹಿ ಹಾಕಿ ಕೊಡಿ, ಉಳಿದದ್ದನ್ನು ನಾನು ತುಂಬುತ್ತೇನೆ” ಎಂದರು. ನಾಲ್ಕು ವರ್ಷದಿಂದ ನಾನು ಒಂದೂ ಕ್ಲೇಮ್ ಮಾಡಿಲ್ಲ. ಕಟ್ಟಿದ ದುಡ್ಡಿಗೆ ಇಷ್ಟಾದರೂ ಬರಲಿ ಎಂದು ಮನೆಯವರು ಹೇಳುತ್ತಿದ್ದಾರೆ. ಇದು ಮೋಸವೇ?
— ಶಿಕ್ಷಕಿ, ರಾಣೆಬೆನ್ನೂರು

ಹೌದಮ್ಮ, ಮೋಸವೇ. ಬಾಗಿಲಿನದು ನಿಜವಾದ ನಷ್ಟ, ಬಂಪರಿನದು ಸುಳ್ಳು. ಸುಳ್ಳನ್ನು ನಿಜದ ಜೊತೆಗೆ ಕಟ್ಟಿ ಕಳುಹಿಸಿದರೆ ನಿಜವಾದದ್ದೂ ಕೈತಪ್ಪಬಹುದು. ನೀವು ಸಹಿ ಹಾಕುವ ಕ್ಲೇಮ್ ಫಾರ್ಮಿನ ಕೊನೆಯಲ್ಲಿ ‘ಮೇಲಿನ ವಿವರಗಳೆಲ್ಲ ಸತ್ಯ’ ಎಂಬ ಘೋಷಣೆ ಇರುತ್ತದೆ. ಅದರ ಕೆಳಗೆ ಗ್ಯಾರೇಜಿನವರ ಹೆಸರು ಇರುವುದಿಲ್ಲ, ನಿಮ್ಮದಿರುತ್ತದೆ.

ಆದರೆ ನೀವು ಹಣದ ಲೆಕ್ಕವನ್ನೂ ಕೇಳಿದ್ದೀರಿ. ಅದನ್ನೂ ನೋಡೋಣ. ನಿಮ್ಮ ಕಾರಿನ ಸ್ವಂತ ಹಾನಿಯ ಪ್ರೀಮಿಯಂ, ಅಂದರೆ ಪಾಲಿಸಿಯಲ್ಲಿ ಓಡಿ ಎಂದು ಬರೆದಿರುವ ಭಾಗ, ರಿಯಾಯಿತಿಗೆ ಮೊದಲು 10,000 ರೂಪಾಯಿ ಎಂದುಕೊಳ್ಳಿ. ನಾಲ್ಕು ವರ್ಷ ಕ್ಲೇಮ್ ಮಾಡದಿದ್ದುದಕ್ಕೆ ನಿಮಗೆ ಈಗ 45 ಶೇಕಡಾ ನೋ ಕ್ಲೇಮ್ ಬೋನಸ್ ಸಿಗುತ್ತಿದೆ. ಈ ವರ್ಷವೂ ಸುಮ್ಮನಿದ್ದರೆ ಅದು 50 ಶೇಕಡಾ ಆಗುತ್ತದೆ, ನೀವು ಕಟ್ಟುವುದು 5,000. ಒಂದು ಕ್ಲೇಮ್ ಮಾಡಿದಿರೋ, ಬೋನಸ್ ಪೂರ್ತಿ ಹೋಗುತ್ತದೆ. ಮುಂದಿನ ವರ್ಷ 10,000 ಕಟ್ಟಬೇಕು. ಆಮೇಲೆ 20, 25, 35, 45 ಶೇಕಡಾ ಎಂದು ಮತ್ತೆ ಮೊದಲಿನಿಂದ ಮೆಟ್ಟಿಲು ಹತ್ತಬೇಕು. ಓಡಿ ದರ ಬದಲಾಗಲಿಲ್ಲ ಎಂದೇ ಹಿಡಿದರೂ ಐದು ವರ್ಷಗಳಲ್ಲಿ ನೀವು ಹೆಚ್ಚಾಗಿ ಕಟ್ಟುವ ಮೊತ್ತ 5,000, 3,000, 2,500, 1,500, 500; ಒಟ್ಟು 12,500. 18 ಶೇಕಡಾ ಜಿಎಸ್‌ಟಿ ಸೇರಿದರೆ 14,750.

ಇನ್ನು ಆ ಕ್ಲೇಮಿನಿಂದ ಬರುವುದೆಷ್ಟು? ಬಂಪರಿಗೆ 6,000, ಬಂಪರ್ ಮತ್ತು ಬಾಗಿಲಿನ ಪೇಂಟಿಂಗಿಗೆ 4,000, ಕೂಲಿ 1,500 ಎಂದು ಗ್ಯಾರೇಜಿನವರು 11,500ರ ಬಿಲ್ ಮಾಡಿದರು ಎನ್ನಿ. ಸವಕಳಿ ಕಡಿತವಿಲ್ಲದ ‘ಝೀರೋ ಡೆಪ್’ ಪಾಲಿಸಿ ನಿಮ್ಮದಲ್ಲದಿದ್ದರೆ ಪ್ಲಾಸ್ಟಿಕ್ ಭಾಗಕ್ಕೆ ಕಂಪನಿ ಅರ್ಧ ಮಾತ್ರ ಕೊಡುತ್ತದೆ, 3,000. ಪೇಂಟಿಂಗಿನಲ್ಲಿ ಕಾಲು ಭಾಗವನ್ನು ಬಣ್ಣದ ಬೆಲೆ ಎಂದು ಹಿಡಿದು ಅದರಲ್ಲಿ ಅರ್ಧ ಕಡಿಯುತ್ತಾರೆ, 3,500 ಉಳಿಯುತ್ತದೆ. ಕೂಲಿ ಪೂರ್ತಿ ಸಿಗುತ್ತದೆ. 8,000 ಆಯಿತು. 1,500 ಸಿಸಿ ಒಳಗಿನ ಕಾರಿಗೆ ಪ್ರತಿ ಕ್ಲೇಮಿನಲ್ಲಿ ಕಡ್ಡಾಯವಾಗಿ ಕಡಿಯುವ 1,000 ತೆಗೆದರೆ ಕಂಪನಿ ಕೊಡುವುದು 7,000. ಉಳಿದ 4,500 ನಿಮ್ಮ ಕೈಯಿಂದಲೇ ಹೋಗುತ್ತದೆ. 3,500 ಕೊಟ್ಟು ಮುಗಿಸಬಹುದಾಗಿದ್ದ ಕೆಲಸಕ್ಕೆ ಈಗ 4,500, ಮುಂದೆ 14,750. ಲಾಭವಾದದ್ದು ಬಿಲ್ ದೊಡ್ಡದು ಮಾಡಿಕೊಂಡ ಗ್ಯಾರೇಜಿಗೆ.

ಸಿಕ್ಕಿಬೀಳುವುದಿಲ್ಲ ಎಂದು ಅವರು ಧೈರ್ಯ ಹೇಳಿರಬಹುದು. ಸರ್ವೇಯರ್ ಕಾರಿನ ಸುತ್ತ ಒಂದು ಸುತ್ತು ಹಾಕಿ ಫೋಟೊ ತೆಗೆದುಕೊಂಡು ಹೋಗುವವನು ಎಂದು ಬಹಳ ಜನ ತಿಳಿದಿದ್ದಾರೆ. ಹೊಸ ಗೀರಿನ ಅಂಚು ಚೂಪಾಗಿರುತ್ತದೆ, ಬೆರಳಿಗೆ ತಾಗುತ್ತದೆ, ಒಳಗಿನ ಲೋಹ ಹೊಳೆಯುತ್ತದೆ. ಹಳೆಯ ಗೀರಿನಲ್ಲಿ ಪಾಲಿಶ್‌ನ ಬಿಳಿ ಪುಡಿ ಕೂತಿರುತ್ತದೆ, ಉಕ್ಕಿನ ಭಾಗವಾದರೆ ಕಂದು ತುಕ್ಕು. ಗೋಡೆಗೆ ಉಜ್ಜಿದ ಬಾಗಿಲಿನಲ್ಲಿ ಸುಣ್ಣದ ಗುರುತಿದ್ದು, ಅದೇ ಅಪಘಾತದಲ್ಲಿ ಸೀಳಿತು ಎನ್ನುವ ಬಂಪರಿನಲ್ಲಿ ಅದು ಇಲ್ಲದಿದ್ದರೆ ಅಲ್ಲಿಗೇ ಅನುಮಾನ ಹುಟ್ಟುತ್ತದೆ. ಹಿಂದಿನ ಎಡಬಾಗಿಲು ಮತ್ತು ಮುಂದಿನ ಬಂಪರ್ ಒಂದೇ ಗೋಡೆಗೆ ಒಂದೇ ಸಲ ತಾಗುವುದು ಹೇಗೆ ಎಂದು ಅವನು ಕೇಳಿಯೇ ಕೇಳುತ್ತಾನೆ. ಹರಿಹರದ ಹತ್ತಿರ ಹಿಂದಿನ ರಾತ್ರಿ ಹೆದ್ದಾರಿಯ ತಡೆಗೋಡೆಗೆ ಗುದ್ದಿತೆಂದು ಕ್ಲೇಮ್ ಬಂದ ಕಾರೊಂದರ ಬಂಪರನ್ನು ನಾನು ಬಿಚ್ಚಿಸಿದ್ದೆ. ಒಳಗಿನ ಸೀಳಿನಲ್ಲಿ ಕುಂಬಾರ ಹುಳು ಮಣ್ಣಿನ ಗೂಡು ಕಟ್ಟಿತ್ತು. ಗೂಡು ಒಣಗಿ ಗಟ್ಟಿಯಾಗಿ, ಹುಳು ಹೊರಬಿದ್ದ ತೂತೂ ಕಾಣುತ್ತಿತ್ತು. ಆ ಮಾಲೀಕರು ಊರಿನಲ್ಲಿ ಒಳ್ಳೆಯ ಹೆಸರಿದ್ದ ವ್ಯಾಪಾರಿ. ಫೋಟೊ ತೋರಿಸಿದಾಗ ಅವರು ಮಾತನಾಡಲೇ ಇಲ್ಲ. ನನಗೆ ಅಂದು ಗೆದ್ದೆ ಎನ್ನಿಸಲಿಲ್ಲ, ಸಂಕಟವಾಯಿತು. ಆ ಕ್ಲೇಮನ್ನು ಅವರು ಬರೆದಿರಲಿಲ್ಲ, ಸಹಿಯನ್ನಷ್ಟೇ ಹಾಕಿದ್ದರು.

ಆದ್ದರಿಂದ ಬಾಗಿಲಿಗೆ 3,500 ಕೊಟ್ಟು ಬಿಡಿ. ಖಾಲಿ ಫಾರ್ಮಿಗೆ ಸಹಿ ಹಾಕಿ ಕೊಟ್ಟಿದ್ದರೆ ಇವತ್ತೇ ಹೋಗಿ ವಾಪಸ್ ತೆಗೆದುಕೊಳ್ಳಿ. “ಕಟ್ಟಿದ ದುಡ್ಡಿಗೆ ಇಷ್ಟಾದರೂ ಬರಲಿ” ಎನ್ನುವ ಮನೆಯವರ ಮಾತು ನನಗೆ ಅರ್ಥವಾಗುತ್ತದೆ. ಆದರೆ ಆ ನಾಲ್ಕು ವರ್ಷ ನೀವು ಕಟ್ಟಿದ ಹಣ ಎಲ್ಲೋ ಒಬ್ಬರ ನಜ್ಜುಗುಜ್ಜಾದ ಕಾರಿಗೆ ಹೋಗಿದೆ. ನಿಮಗೆ ಅಂಥ ದಿನ ಬಂದರೆ ಬೇರೆಯವರದು ನಿಮಗೆ ಬರುತ್ತದೆ.

ನನ್ನ ತಮ್ಮ ರಾತ್ರಿ ಬೈಕಿನಲ್ಲಿ ಬರುವಾಗ ಮರಳಿನ ಮೇಲೆ ಜಾರಿ ಬಿದ್ದು ಕಾಲು ಮುರಿದುಕೊಂಡಿದ್ದಾನೆ. ಬೈಕಿನ ವಿಮೆ ಮುಗಿದಿತ್ತು. ಆಸ್ಪತ್ರೆಯಲ್ಲಿ ಸಿಕ್ಕ ಒಬ್ಬರು, “ನಿಮ್ಮ ಕಾರಿನ ಆರ್‌ಸಿ ಮತ್ತು ಪಾಲಿಸಿ ಕೊಡಿ. ಕಾರು ಗುದ್ದಿತು ಎಂದು ಕೇಸು ಮಾಡಿಸೋಣ. ಕೊಡುವುದು ಕಂಪನಿ, ನಿಮಗೇನೂ ಆಗುವುದಿಲ್ಲ” ಎನ್ನುತ್ತಾರೆ. ತಮ್ಮನಿಗೆ ಎರಡು ಚಿಕ್ಕ ಮಕ್ಕಳು. ಏನು ಮಾಡಲಿ?
— ಚಳ್ಳಕೆರೆ ತಾಲ್ಲೂಕು

ಆರ್‌ಸಿ ಕೊಡಬೇಡಿ. ಪಾಲಿಸಿಯ ಜೆರಾಕ್ಸ್ ಪ್ರತಿಯನ್ನೂ ಕೊಡಬೇಡಿ. ಮೊಬೈಲಿನಲ್ಲಿ ಫೋಟೊ ಕಳುಹಿಸಿದ್ದರೆ, ಅದನ್ನು ಬಳಸಲು ಒಪ್ಪಿಗೆಯಿಲ್ಲ ಎಂದು ಅದೇ ನಂಬರಿಗೆ ಬರೆದು ಹಾಕಿ.

“ನಿಮಗೇನೂ ಆಗುವುದಿಲ್ಲ” ಎಂಬ ಮಾತು ಪೂರ್ತಿ ಸುಳ್ಳು. ಕಾರು ಗುದ್ದಿತು ಎಂದು ಎಫ್‌ಐಆರ್ ಆದರೆ ಓಡಿಸುತ್ತಿದ್ದವರು ಯಾರು ಎಂದು ಒಬ್ಬರ ಹೆಸರು ಬರೆಸಲೇಬೇಕು. ನಿಮ್ಮ ಯಜಮಾನರೋ ಮಗನೋ ಆರೋಪಿಯಾಗುತ್ತಾರೆ. ಅಜಾಗರೂಕ ಚಾಲನೆಗೆ ಭಾರತೀಯ ನ್ಯಾಯ ಸಂಹಿತೆಯ 281ನೇ ಕಲಂ, ಗಾಯವಾದದ್ದಕ್ಕೆ 125ನೇ ಕಲಂ. ಸುಳ್ಳು ಹೊರಬಿದ್ದರೆ ವಂಚನೆಗೆ 318, ನ್ಯಾಯಾಲಯದಲ್ಲಿ ಸುಳ್ಳು ಸಾಕ್ಷ್ಯಕ್ಕೆ 229. ಕೊನೆಯ ಎರಡರಲ್ಲೂ ಏಳು ವರ್ಷದವರೆಗೆ ಜೈಲು ಶಿಕ್ಷೆಗೆ ಅವಕಾಶವಿದೆ. ಕಾಲು ಮುರಿದ ತಮ್ಮನೂ ಆರೋಪಿಯಾಗುತ್ತಾನೆ, ಏಕೆಂದರೆ ಅರ್ಜಿದಾರ ಅವನೇ.

ಹೊರಬೀಳುವುದು ಹೇಗೆ ಎಂದರೆ, ಆಸ್ಪತ್ರೆಯ ಮೊದಲ ಪುಟದಿಂದ. ತುರ್ತು ವಿಭಾಗಕ್ಕೆ ಕರೆತಂದ ಕೂಡಲೇ “ಏನಾಯಿತು?” ಎಂದು ಡ್ಯೂಟಿ ಡಾಕ್ಟರ್ ಕೇಳುತ್ತಾರೆ. ನೋವಿನಲ್ಲಿರುವವನು, ಅವನನ್ನು ಎತ್ತಿಕೊಂಡು ಬಂದವರು, ನಿಜವನ್ನೇ ಹೇಳುತ್ತಾರೆ: ಬೈಕ್ ಜಾರಿ ಬಿದ್ದ. ಅದು ಎಂಎಲ್‌ಸಿ ಪುಸ್ತಕದಲ್ಲಿ, ಅಂದರೆ ಪೊಲೀಸರಿಗೆ ತಿಳಿಸಬೇಕಾದ ಪ್ರಕರಣಗಳ ದಾಖಲೆಯಲ್ಲಿ, ಸಮಯ ಸಹಿತ ಬರೆಯಲ್ಪಡುತ್ತದೆ. ಹತ್ತು ಹದಿನೈದು ದಿನ ಕಳೆದ ಮೇಲೆ ದೂರು ಕೊಟ್ಟು ಅದರಲ್ಲಿ ಒಂದು ಕಾರು ಹುಟ್ಟಿಕೊಂಡರೆ, ವಿಮಾ ಕಂಪನಿಯ ತನಿಖೆಗಾರ ಮೊದಲು ಕೈಹಾಕುವುದು ಆ ಪುಸ್ತಕಕ್ಕೆ. ಎರಡನೆಯದು ಕಾರಿಗೆ. ಬೈಕಿಗೆ ಗುದ್ದಿದ ಕಾರಿನ ಮೈಮೇಲೆ ಬೈಕಿನ ಎತ್ತರಕ್ಕೆ ಸರಿಯಾಗಿ ಗುರುತು ಇರಬೇಕಲ್ಲ? ಮೂರನೆಯದು ಟೋಲ್ ಮತ್ತು ಮೊಬೈಲ್. ಆ ಹೊತ್ತಿಗೆ ನಿಮ್ಮ ಕಾರು ಎಲ್ಲಿತ್ತು ಎಂದು ಫಾಸ್ಟ್ಯಾಗ್ ಹೇಳಿಬಿಡುತ್ತದೆ.

ಈ ದಂಧೆ ಎಷ್ಟು ದೊಡ್ಡದಾಗಬಹುದು ಎನ್ನುವುದಕ್ಕೆ ಉತ್ತರ ಪ್ರದೇಶದ ಉದಾಹರಣೆ ಇದೆ. ಅಲ್ಲಿ ಅಪಘಾತ ಪರಿಹಾರದ ಸುಳ್ಳು ಅರ್ಜಿಗಳು ಹೆಚ್ಚಿದಾಗ ಅಲಹಾಬಾದ್ ಹೈಕೋರ್ಟ್ 2015ರಲ್ಲಿ ವಿಶೇಷ ತನಿಖಾ ತಂಡ ರಚಿಸುವಂತೆ ಆದೇಶಿಸಿತು. ವಿಷಯ ಸುಪ್ರೀಂ ಕೋರ್ಟಿನವರೆಗೆ ಹೋಯಿತು. 2021ರ ಕೊನೆಗೆ ಅಲ್ಲಿ ಸಲ್ಲಿಕೆಯಾದ ಮಾಹಿತಿಯ ಪ್ರಕಾರ ವಿಮಾ ಕಂಪನಿಗಳು ಆ ತಂಡಕ್ಕೆ ಕೊಟ್ಟ ಶಂಕಿತ ಪ್ರಕರಣಗಳು 1,376. ಅಷ್ಟರಲ್ಲಿ ವಿಚಾರಣೆ ಮುಗಿದಿದ್ದ 246ರಲ್ಲೇ 166 ಜನರ ಮೇಲೆ ಆರೋಪ ಕಂಡುಬಂದಿತ್ತು. ಅರ್ಜಿದಾರರು, ವಕೀಲರು, ಪೊಲೀಸರು, ವೈದ್ಯರು, ವಿಮಾ ಕಂಪನಿಯ ನೌಕರರು, ವಾಹನ ಮಾಲೀಕರು, ಚಾಲಕರು ಎಲ್ಲರೂ ಅದರಲ್ಲಿದ್ದರು. ಆರ್‌ಸಿ ಕೊಟ್ಟ ಮಾಲೀಕರೂ ಆ ಪಟ್ಟಿಯಲ್ಲಿದ್ದರು ಎಂಬುದನ್ನು ನೀವು ಗಮನಿಸಬೇಕು.

ತಮ್ಮನ ಗತಿ ಏನು ಎಂದು ಕೇಳಿದ್ದೀರಿ. ಅದೇ ಮುಖ್ಯ ಪ್ರಶ್ನೆ. ನೇರ ದಾರಿಗಳಿವೆ, ಅವುಗಳನ್ನು ಹಿಡಿಯಿರಿ. ರಸ್ತೆ ಅಪಘಾತದ ಗಾಯಾಳುಗಳಿಗೆ ನಗದುರಹಿತ ಚಿಕಿತ್ಸೆಯ ಕೇಂದ್ರ ಯೋಜನೆ 2025ರ ಮೇ ತಿಂಗಳಲ್ಲಿ ಜಾರಿಯಾಗಿದೆ. ಗೊತ್ತುಪಡಿಸಿದ ಆಸ್ಪತ್ರೆಗಳಲ್ಲಿ ಅಪಘಾತದ ದಿನದಿಂದ ಏಳು ದಿನಗಳವರೆಗೆ ಒಂದೂವರೆ ಲಕ್ಷ ರೂಪಾಯಿಯ ತನಕ ಚಿಕಿತ್ಸೆಗೆ ಅದರಲ್ಲಿ ಅವಕಾಶವಿದೆ. ಆಸ್ಪತ್ರೆಯ ಬಿಲ್ಲಿಂಗ್ ವಿಭಾಗದಲ್ಲಿ ಇವತ್ತೇ ಕೇಳಿ, ಏಕೆಂದರೆ ಏಳು ದಿನ ಬೇಗ ಮುಗಿಯುತ್ತದೆ. ಬಿಪಿಎಲ್ ಕಾರ್ಡ್ ಇದ್ದರೆ ಆಯುಷ್ಮಾನ್ ಭಾರತ್ – ಆರೋಗ್ಯ ಕರ್ನಾಟಕ. ಸಹಕಾರ ಸಂಘದ ಸದಸ್ಯತ್ವವಿದ್ದು ನೋಂದಣಿ ಮಾಡಿಸಿದ್ದರೆ ಯಶಸ್ವಿನಿ. ಬ್ಯಾಂಕ್ ಖಾತೆಯಿಂದ ವರ್ಷಕ್ಕೆ 20 ರೂಪಾಯಿ ಕಡಿತವಾಗುವ ಪ್ರಧಾನ ಮಂತ್ರಿ ಸುರಕ್ಷಾ ಬಿಮಾ ಯೋಜನೆ ಇದೆಯೇ ಎಂದು ಪಾಸ್‌ಬುಕ್ ನೋಡಿ. ಅದು ಮರಣ ಮತ್ತು ಅಂಗವೈಕಲ್ಯಕ್ಕೆ ಮಾತ್ರ ಅನ್ವಯಿಸುತ್ತದೆ, ಮೂಳೆ ಮುರಿತಕ್ಕಲ್ಲ. ಆದರೂ ಇದ್ದರೆ ಮುಂದಕ್ಕೆ ಬೇಕಾಗುತ್ತದೆ.

ಇನ್ನೂ ಒಂದು ಮಾತು. ಸುಳ್ಳು ಪ್ರಕರಣಗಳು ಹೆಚ್ಚಿದಷ್ಟೂ ನಿಜವಾಗಿ ಕಾರು ಗುದ್ದಿ ಕಾಲು ಕಳೆದುಕೊಂಡವರನ್ನೂ ಕಂಪನಿಗಳು ಅನುಮಾನದಿಂದ ನೋಡುತ್ತವೆ. ಗಂಡ ಸತ್ತು ಕೂಲಿಗೆ ಹೋಗುತ್ತಿದ್ದ ಹೆಂಗಸೊಬ್ಬರು ಅಪಘಾತ ಪರಿಹಾರದ ಟ್ರಿಬ್ಯೂನಲ್‌ನ ಕಟಕಟೆಯಲ್ಲಿ ನಿಂತು, ಅಪಘಾತ ನಡೆದದ್ದೇ ಸುಳ್ಳು ಎಂಬ ಪಾಟೀಸವಾಲಿಗೆ ಉತ್ತರ ಕೊಡಲಾಗದೆ ಅತ್ತದ್ದನ್ನು ನಾನು ನೋಡಿದ್ದೇನೆ. ಅವರದು ನೂರಕ್ಕೆ ನೂರು ನಿಜವಾದ ಪ್ರಕರಣ. ಅವರಿಗೆ ಪರಿಹಾರ ತಡವಾದದ್ದಕ್ಕೆ ಬೇರೆ ಯಾರೋ ಹಾಕಿದ್ದ ಸುಳ್ಳು ಅರ್ಜಿಗಳೂ ಕಾರಣ. ನಿಮ್ಮ ಆಸ್ಪತ್ರೆಯಲ್ಲಿ ಸಿಕ್ಕ ಆ ಮನುಷ್ಯನನ್ನು ನಾನು ಕ್ಷಮಿಸಲಾರೆ.

ಥರ್ಡ್ ಪಾರ್ಟಿ ಪ್ರೀಮಿಯಂ ಎಲ್ಲ ಕಂಪನಿಗಳಲ್ಲೂ ಒಂದೇ, ಸರ್ಕಾರ ನಿಗದಿ ಮಾಡುತ್ತದೆ ಎಂದು ಏಜೆಂಟರು ಹೇಳಿದರು. ಹಾಗಿದ್ದರೆ ಮೋಸ ಕಡಿಮೆಯಾದರೆ ನನ್ನ ಪ್ರೀಮಿಯಂ ಹೇಗೆ ಇಳಿಯುತ್ತದೆ?
— ಶಿರಸಿ

ಏಜೆಂಟರು ಸರಿಯಾಗಿಯೇ ಹೇಳಿದ್ದಾರೆ. ಓಡಿ ಭಾಗಕ್ಕೆ 2007ರಿಂದ ನಿಗದಿತ ದರವಿಲ್ಲ, ಪ್ರತಿ ಕಂಪನಿ ತನ್ನ ಲೆಕ್ಕದಂತೆ ದರ ಹಾಕುತ್ತದೆ. ಒಂದು ಮಾದರಿಯ ಕಾರಿಗೆ, ಒಂದು ಪ್ರದೇಶಕ್ಕೆ ಕ್ಲೇಮ್ ಹೆಚ್ಚಾದರೆ ಆ ದರ ಬೇಗ ಏರುತ್ತದೆ. ಥರ್ಡ್ ಪಾರ್ಟಿ, ಅಂದರೆ ನಮ್ಮ ವಾಹನದಿಂದ ಬೇರೆಯವರಿಗಾಗುವ ಹಾನಿಯ ವಿಮೆಯ ದರವನ್ನು ರಸ್ತೆ ಸಾರಿಗೆ ಸಚಿವಾಲಯ ವಿಮಾ ನಿಯಂತ್ರಣ ಪ್ರಾಧಿಕಾರದೊಂದಿಗೆ ಸಮಾಲೋಚಿಸಿ ಪ್ರಕಟಿಸುತ್ತದೆ. 2022ರ ಜೂನ್ 1ರಂದು ಜಾರಿಗೆ ಬಂದ ಅಧಿಸೂಚನೆಯಲ್ಲಿ 1,000 ಸಿಸಿ ಒಳಗಿನ ಖಾಸಗಿ ಕಾರಿಗೆ 2,094, 1,500 ಸಿಸಿವರೆಗೆ 3,416, ಅದಕ್ಕಿಂತ ದೊಡ್ಡದಕ್ಕೆ 7,897 ರೂಪಾಯಿ. ಈ ದರವನ್ನು ಸಚಿವಾಲಯ ಆಕಾಶದಿಂದ ತರುವುದಿಲ್ಲ. ದೇಶದಾದ್ಯಂತ ಕೊಟ್ಟ ಪರಿಹಾರದ ಲೆಕ್ಕವೇ ಅದರ ತಳಹದಿ. ಥರ್ಡ್ ಪಾರ್ಟಿಗೆ ಸಾವು ಅಥವಾ ಗಾಯವಾದರೆ ಪರಿಹಾರಕ್ಕೆ ಮೇಲ್ಮಿತಿಯೇ ಇಲ್ಲ. ಒಂದು ಸುಳ್ಳು ಅರ್ಜಿ ಲಕ್ಷಗಟ್ಟಲೆ ಎಳೆಯುತ್ತದೆ, ಎಲ್ಲರ ಪ್ರೀಮಿಯಂ ಹಂಚಿಕೊಂಡು ಅದನ್ನು ತುಂಬಬೇಕು.

ಮೋಸ ನಿಂತ ಮರುವರ್ಷವೇ ನಿಮ್ಮ ಬಿಲ್ಲು ಇಳಿಯುತ್ತದೆ ಎಂದು ನಾನು ಭರವಸೆ ಕೊಡುವುದಿಲ್ಲ. ಏರುವ ವೇಗ ತಗ್ಗುತ್ತದೆ. ಮೋಸ ತಗ್ಗಿ ಉಳಿದ ಹಣವನ್ನು ಗ್ರಾಹಕರಿಗೆ ದಾಟಿಸಿ ಎಂದು ಕಂಪನಿಗಳನ್ನು ಪ್ರಾಧಿಕಾರ ಕೇಳಬೇಕು, ನಾವೂ ಕೇಳಬೇಕು.

ಸೆಕೆಂಡ್ ಹ್ಯಾಂಡ್ ಕಾರು ತೆಗೆದುಕೊಂಡೆ, 1,200 ಸಿಸಿ. ಪರಿಚಯದವರೊಬ್ಬರು ವಾಟ್ಸ್‌ಆ್ಯಪ್‌ನಲ್ಲೇ 1,900 ರೂಪಾಯಿಗೆ ಪಾಲಿಸಿ ಮಾಡಿಸಿಕೊಟ್ಟರು. ಪಿಡಿಎಫ್ ಬಂದಿದೆ, ಕಂಪನಿಯ ಲಾಂಛನವೂ ಇದೆ. ಇಷ್ಟು ಅಗ್ಗವಾಗಿ ಹೇಗೆ ಸಾಧ್ಯ?
— ಗಂಗಾವತಿ

ಸಾಧ್ಯವೇ ಇಲ್ಲ. ಈಗಷ್ಟೇ ಹೇಳಿದ ದರವನ್ನು ನೋಡಿ. ನಿಮ್ಮ ಕಾರಿಗೆ ಬರೀ ಥರ್ಡ್ ಪಾರ್ಟಿಗೇ 3,416, ಜಿಎಸ್‌ಟಿ ಸೇರಿದರೆ 4,031 ರೂಪಾಯಿ. ಅದಕ್ಕಿಂತ ಕಡಿಮೆಗೆ ಯಾವ ಕಂಪನಿಯೂ ಕೊಡಲಾರದು. ದರ ಪರಿಷ್ಕರಣೆಯಾದಾಗ ಹೊಸ ಅಂಕಿಯನ್ನು ಇಟ್ಟುಕೊಂಡು ಹೀಗೆಯೇ ಹೋಲಿಸಿ.

ಇದರಲ್ಲಿ ಸಾಮಾನ್ಯವಾಗಿ ನಡೆಯುವುದು ಹೀಗೆ: ನಿಮ್ಮ ಕಾರಿನ ನಂಬರಿಗೆ ದ್ವಿಚಕ್ರ ವಾಹನದ ಪಾಲಿಸಿಯನ್ನು ನಿಜವಾಗಿಯೇ ಖರೀದಿಸುತ್ತಾರೆ. 150 ಸಿಸಿ ಒಳಗಿನ ಬೈಕಿಗೆ 714 ರೂಪಾಯಿ ಸಾಕು. ಆಮೇಲೆ ಪಿಡಿಎಫ್‌ನಲ್ಲಿ ವಾಹನದ ಮಾದರಿ ಮತ್ತು ಮೊತ್ತವನ್ನು ತಿದ್ದಿ ನಿಮಗೆ ಕಳುಹಿಸುತ್ತಾರೆ. ಪಾಲಿಸಿ ನಂಬರ್ ಅಸಲಿಯಾದ್ದರಿಂದ ಮೇಲ್ನೋಟಕ್ಕೆ ಗೊತ್ತಾಗುವುದಿಲ್ಲ. ಪಾಲಿಸಿಯ ಮೇಲಿರುವ ಕ್ಯೂಆರ್ ಕೋಡ್ ಸ್ಕ್ಯಾನ್ ಮಾಡಿ, ಕಂಪನಿಯ ಜಾಲತಾಣದಲ್ಲಿ ಆ ನಂಬರಿನ ಪಾಲಿಸಿಯನ್ನು ಇಳಿಸಿಕೊಂಡು ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಿ. ಹಣ ಹೋದದ್ದು ಕಂಪನಿಯ ಖಾತೆಗೋ ಆ ಪರಿಚಯದವರ ಯುಪಿಐ ನಂಬರಿಗೋ? ಎರಡನೆಯದಾಗಿದ್ದರೆ ಮತ್ತೇನೂ ನೋಡಬೇಕಾಗಿಲ್ಲ. ಕಂಪನಿಗೆ ಬರಹದಲ್ಲಿ ತಿಳಿಸಿ, ಪೊಲೀಸರಿಗೆ ದೂರು ಕೊಡಿ, ಅಸಲಿ ಪಾಲಿಸಿ ಬರುವವರೆಗೆ ಕಾರನ್ನು ರಸ್ತೆಗೆ ಇಳಿಸಬೇಡಿ. ವಿಮೆಯಿಲ್ಲದೆ ಓಡಿಸಿದರೆ ಮೊದಲ ಸಲಕ್ಕೆ 2,000 ರೂಪಾಯಿ ದಂಡ ಎನ್ನುವುದು ಸಣ್ಣ ವಿಷಯ. ಯಾರಿಗಾದರೂ ಗುದ್ದಿದರೆ ಪರಿಹಾರದ ಪೂರ್ತಿ ಹೊರೆ ನಿಮ್ಮ ಹೊಲ, ಮನೆಯ ಮೇಲೆ ಬೀಳುತ್ತದೆ.

ನೀವು ಕೇಳದಿದ್ದರೂ ಹೇಳುತ್ತೇನೆ: ಹಳೆಯ ಮಾಲೀಕರ ನೋ ಕ್ಲೇಮ್ ಬೋನಸ್ ನಿಮಗೆ ಬರುವುದಿಲ್ಲ. ಅದು ವ್ಯಕ್ತಿಗೆ ಸೇರಿದ್ದು, ಕಾರಿಗಲ್ಲ. “ಬೋನಸ್ ಇದೆ ಎಂದು ಹಾಕಿಬಿಡಿ, ಯಾರೂ ನೋಡುವುದಿಲ್ಲ” ಎಂದು ಹೇಳುವವರಿದ್ದಾರೆ. ಕ್ಲೇಮ್ ಬಂದ ದಿನ ಹಿಂದಿನ ಕಂಪನಿಗೆ ಒಂದು ಮಿಂಚಂಚೆ ಹೋಗುತ್ತದೆ, ಬೋನಸ್ ಸುಳ್ಳು ಎಂದು ಉತ್ತರ ಬಂದರೆ ಕ್ಲೇಮ್ ಅಲ್ಲಿಗೇ ನಿಂತುಹೋಗುತ್ತದೆ.

ಮಗನ ಬಿಳಿ ಬೋರ್ಡ್ ಕಾರನ್ನು ಮದುವೆ, ಧರ್ಮಸ್ಥಳ, ವಿಮಾನ ನಿಲ್ದಾಣ ಎಂದು ಬಾಡಿಗೆಗೆ ಬಿಡುತ್ತೇವೆ. ಅಪಘಾತವಾದರೆ ನೆಂಟರು ಎಂದು ಹೇಳಿದರಾಯಿತಲ್ಲವೇ?
— ಹಾಸನ

ಆಗುವುದಿಲ್ಲ. ಒಳಗಿದ್ದ ಪ್ರಯಾಣಿಕರು ಆಸ್ಪತ್ರೆಯಲ್ಲಿ, ಪೊಲೀಸರ ಮುಂದೆ ನಿಜ ಹೇಳುತ್ತಾರೆ. ಅವರ ಮೊಬೈಲಿನಲ್ಲಿ ನಿಮಗೆ ಹಣ ಹಾಕಿದ ದಾಖಲೆ ಇರುತ್ತದೆ. ಹಳದಿ ಬೋರ್ಡ್ ಮಾಡಿಸಿ, ಪರ್ಮಿಟ್ ತೆಗೆದುಕೊಂಡು, ಪ್ಯಾಸೆಂಜರ್ ವಾಹನದ ವಿಮೆ ಕಟ್ಟುತ್ತಿರುವ ಟ್ಯಾಕ್ಸಿ ಚಾಲಕರು ನಿಮ್ಮ ಊರಿನಲ್ಲೇ ಇದ್ದಾರೆ. ಅವರ ಹೊಟ್ಟೆಯ ಮೇಲೂ ಇದು ಹೊಡೆತ.

ಇಂಗ್ಲೆಂಡಿನ ಮಿಲ್ಟನ್ ಕೀನ್ಸ್‌ನಲ್ಲಿದ್ದೇನೆ. ಅಡ್ಡರಸ್ತೆಯಲ್ಲಿ ನಿಂತಿದ್ದಾಗ ಎದುರಿನ ಕಾರಿನವನು ಹೆಡ್‌ಲೈಟ್ ಮಿಣುಕಿಸಿ ಹೋಗು ಎಂದ. ನಾನು ಹೊರಟ ಕೂಡಲೇ ಬಂದು ಗುದ್ದಿದ. ಕಾರಿನಲ್ಲಿದ್ದ ನಾಲ್ವರೂ ಕುತ್ತಿಗೆ ಹಿಡಿದುಕೊಂಡು ಇಳಿದರು. ಇದು ಬೇಕೆಂದೇ ಮಾಡಿದ್ದೇ?
— ಮೈಸೂರಿನ ಮೂಲದವರು

ನನ್ನ ಮಗಳು ಆ ದೇಶದಲ್ಲಿರುವುದರಿಂದ ಅಲ್ಲಿನ ಸಂಗತಿಯನ್ನು ಗಮನಿಸುತ್ತಾ ಬಂದಿದ್ದೇನೆ. ನೀವು ಬರೆದಿರುವುದು ಅಲ್ಲಿ ಹೆಸರು ಪಡೆದಿರುವ ವಂಚನೆಯ ಮಾದರಿಗೆ ಹೊಂದುತ್ತದೆ. ಇನ್ನೊಂದು ಮಾದರಿ, ವೃತ್ತದ ಬಳಿ ಕಾರಣವಿಲ್ಲದೆ ಬ್ರೇಕ್ ಹಾಕಿ ಹಿಂದಿನವರಿಂದ ಗುದ್ದಿಸಿಕೊಳ್ಳುವುದು. ಹಣ ಬರುತ್ತಿದ್ದದ್ದು ಕಾರಿನ ರಿಪೇರಿಗಿಂತ ಹೆಚ್ಚಾಗಿ ಕುತ್ತಿಗೆ ನೋವಿನಿಂದ, ಏಕೆಂದರೆ ಎಕ್ಸ್‌ರೇಯಲ್ಲಿ ಅದು ಕಾಣುವುದಿಲ್ಲ. 2021ರ ಮೇ 31ರಿಂದ ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿ ಈ ನೋವಿಗೆ ನಿಗದಿತ ದರ ಬಂತು. ಮೂರು ತಿಂಗಳೊಳಗೆ ವಾಸಿಯಾಗುವಂಥದ್ದಕ್ಕೆ ಆಗ ಇಟ್ಟದ್ದು 240 ಪೌಂಡ್. ವೈದ್ಯರ ವರದಿಯಿಲ್ಲದೆ ರಾಜಿ ಮಾಡಿಕೊಳ್ಳುವುದನ್ನೂ ನಿಷೇಧಿಸಿದರು. ಸುಳ್ಳಿನ ಬೆಲೆಯನ್ನೇ ತಗ್ಗಿಸಿದ ಆ ಕ್ರಮ ನನಗೆ ಮೆಚ್ಚುಗೆಯಾಯಿತು, ಆದರೆ ನಿಜವಾದ ನೋವಿನವರಿಗೂ ಅಷ್ಟೇ ಸಿಗುತ್ತದೆ ಎಂಬ ಕೊರಗೂ ಇದೆ.

ನೀವು ತಪ್ಪು ಒಪ್ಪಿಕೊಂಡು ಏನನ್ನೂ ಬರೆದುಕೊಡಬೇಡಿ. ಎಷ್ಟು ಜನ ಇದ್ದರು, ಯಾರು ಎಲ್ಲಿ ಕೂತಿದ್ದರು ಎಂದು ನೆನಪಿರುವಾಗಲೇ ಬರೆದಿಡಿ, ಆಮೇಲೆ ಐದನೆಯವನೂ ಹುಟ್ಟಿಕೊಳ್ಳಬಹುದು. ಡ್ಯಾಶ್‌ಕ್ಯಾಮ್ ದೃಶ್ಯ ಅಳಿಸಿಹೋಗುವ ಮೊದಲು ತೆಗೆದಿಟ್ಟುಕೊಳ್ಳಿ. ನಿಮ್ಮ ಅನುಮಾನವನ್ನು ನಿಮ್ಮ ವಿಮಾ ಕಂಪನಿಗೆ ಸ್ಪಷ್ಟವಾಗಿ ಹೇಳಿ. ಅಲ್ಲಿ ಕಂಪನಿಗಳೆಲ್ಲ ಸೇರಿ ಕಟ್ಟಿಕೊಂಡ ವಿಮಾ ವಂಚನೆ ಬ್ಯೂರೊ 2006ರಿಂದಲೂ, ಲಂಡನ್ ನಗರ ಪೊಲೀಸರ ಪ್ರತ್ಯೇಕ ವಿಭಾಗ 2012ರಿಂದಲೂ ಇವೆ. ಒಂದೇ ಗುಂಪು ಬೇರೆ ಬೇರೆ ಕಂಪನಿಗಳಲ್ಲಿ ಮಾಡಿದ ಕ್ಲೇಮುಗಳನ್ನು ಅವರು ಜೋಡಿಸಿ ನೋಡಬಲ್ಲರು.

ನೀವು ಗ್ರಾಹಕರಿಗೇ ಬುದ್ಧಿ ಹೇಳುತ್ತೀರಿ. ಕಂಪನಿಗಳು ಪ್ರಾಮಾಣಿಕವಾಗಿವೆಯೇ? ಹೆದ್ದಾರಿಯಲ್ಲಿ ನನ್ನ ಕಾರು ಪಲ್ಟಿಯಾಗಿ ನಿಜವಾದ ಕ್ಲೇಮ್ ಮಾಡಿದರೆ ಆ ಕಾಗದ ಈ ಕಾಗದ ಎಂದು ತಿಂಗಳುಗಟ್ಟಲೆ ಅಲೆಸಿದರು. ಹೀಗಾದರೆ ಜನ ಸುಳ್ಳು ಹೇಳದೆ ಇನ್ನೇನು ಮಾಡುತ್ತಾರೆ?
— ಬಾಗಲಕೋಟೆ

ನಿಮ್ಮ ಸಿಟ್ಟು ನ್ಯಾಯವಾದದ್ದು. ನಿಜವಾದ ಕ್ಲೇಮನ್ನು ಸತಾಯಿಸುವ ಕಂಪನಿ ಸುಳ್ಳಿಗೆ ನೀರೆರೆಯುತ್ತದೆ. “ಹೇಗೂ ಅರ್ಧ ಕಡಿಯುತ್ತಾರೆ, ಎರಡರಷ್ಟು ಬರೆಯೋಣ” ಎಂಬ ಮಾತು ಗ್ಯಾರೇಜುಗಳಲ್ಲಿ ಹುಟ್ಟಿದ್ದೇ ಆ ಅನುಭವದಿಂದ. ವಂಚನೆ ತಡೆಯುವ ಚೌಕಟ್ಟು ಇರಬೇಕು ಎಂದು ಪ್ರಾಧಿಕಾರ 2013ರಲ್ಲೇ ಕಂಪನಿಗಳಿಗೆ ಹೇಳಿದೆ. ವಾಹನ ವಿಮೆಯ ಮಾಹಿತಿಯನ್ನು ಒಂದೆಡೆ ಕೂಡಿಸುವ ವಿಮಾ ಮಾಹಿತಿ ಬ್ಯೂರೊ ಹೈದರಾಬಾದಿನಲ್ಲಿದೆ. ಅದನ್ನು ಪಾಲಿಸಿ ಮಾರುವ ದಿನವೇ ಬಳಸಿ ಬೋನಸ್ಸಿನ ಸುಳ್ಳನ್ನು ಅಲ್ಲಿಯೇ ತಡೆಯಬೇಕು. ಪ್ರೀಮಿಯಂ ಇಸಿದುಕೊಂಡು, ಕ್ಲೇಮ್ ಬಂದಾಗ ಮಾತ್ರ ಹಳೆಯ ಕಡತ ಹುಡುಕುವುದು ನ್ಯಾಯವಲ್ಲ.

ನಿಮ್ಮ ವಿಷಯಕ್ಕೆ ಬರೋಣ. ಕಾಗದಪತ್ರ ಇಲ್ಲ ಎಂಬ ಒಂದೇ ಕಾರಣಕ್ಕೆ ಕ್ಲೇಮನ್ನು ತಿರಸ್ಕರಿಸುವಂತಿಲ್ಲ ಎಂದು 2024ರ ಜೂನ್‌ನ ಸುತ್ತೋಲೆಯಲ್ಲಿ ಪ್ರಾಧಿಕಾರ ಹೇಳಿದೆ. ಮೊದಲು ಕಂಪನಿಯ ದೂರು ಅಧಿಕಾರಿಗೆ ಬರಹದಲ್ಲಿ ಕೊಡಿ. ಒಂದು ತಿಂಗಳಲ್ಲಿ ಉತ್ತರ ಬಾರದಿದ್ದರೆ ಅಥವಾ ಒಪ್ಪಿಗೆಯಾಗದಿದ್ದರೆ ಬೆಂಗಳೂರಿನ ವಿಮಾ ಓಂಬುಡ್ಸ್‌ಮನ್ ಕಚೇರಿಗೆ ಹೋಗಿ. 50 ಲಕ್ಷ ರೂಪಾಯಿಯವರೆಗಿನ ದೂರುಗಳನ್ನು ಅಲ್ಲಿ ಕೇಳುತ್ತಾರೆ, ಶುಲ್ಕವಿಲ್ಲ, ವಕೀಲರು ಬೇಕಿಲ್ಲ. ಪ್ರಾಧಿಕಾರದ ಬಿಮಾ ಭರೋಸಾ ಜಾಲತಾಣದಲ್ಲೂ ದೂರು ದಾಖಲಿಸಬಹುದು, 155255ಕ್ಕೆ ಕರೆ ಮಾಡಿಯೂ ಕೊಡಬಹುದು. ಸರ್ವೇಯರ್ ವರದಿಯ ಪ್ರತಿಯನ್ನು ಕೇಳಿ ಪಡೆಯಿರಿ. ಯಾವ ಭಾಗಕ್ಕೆ ಎಷ್ಟು ಕಡಿದಿದ್ದಾರೆ, ಏಕೆ ಕಡಿದಿದ್ದಾರೆ ಎಂಬುದು ಅದರಲ್ಲಿ ಸಾಲುಸಾಲಾಗಿ ಇರುತ್ತದೆ. ಅಸ್ಪಷ್ಟ ಸಿಟ್ಟಿಗಿಂತ ಆ ಒಂದು ಸಾಲಿನ ಮೇಲೆ ಬೆರಳಿಟ್ಟು ಕೇಳಿದ ಪ್ರಶ್ನೆಗೆ ಓಂಬುಡ್ಸ್‌ಮನ್ ಮುಂದೆ ಹೆಚ್ಚು ಬಲವಿದೆ.

ಅಪಘಾತದ ನಂತರ ಹೆಡ್‌ಲೈಟ್ ಮತ್ತು ಬಂಪರ್ ಹೊಸದು ಹಾಕಿದ್ದೇವೆ ಎಂದು ಗ್ಯಾರೇಜಿನವರು ವಿಮೆಗೆ ಬಿಲ್ ಮಾಡಿದ್ದಾರೆ. ನನಗೇಕೋ ಹಳೆಯ ಬಂಪರನ್ನೇ ಅಂಟಿಸಿ ಬಣ್ಣ ಹೊಡೆದಂತೆ ಕಾಣುತ್ತಿದೆ. ತಿಳಿಯುವುದು ಹೇಗೆ?
— ತುಮಕೂರು

ಕಾರನ್ನು ಹಗಲಿನಲ್ಲಿ, ನೆರಳಿಲ್ಲದ ಕಡೆ ನಿಲ್ಲಿಸಿ ಬಂಪರಿನ ಒಳಮೈಯನ್ನು ನೋಡಿ. ಹೊರಗೆ ಎಷ್ಟು ಚೆನ್ನಾಗಿ ಬಣ್ಣ ಹೊಡೆದರೂ ಒಳಮೈಯನ್ನು ಯಾರೂ ಮುಟ್ಟುವುದಿಲ್ಲ. ಬಿಸಿ ಮಾಡಿ ಬೆಸೆದ ಪ್ಲಾಸ್ಟಿಕ್ಕಿನ ಗೆರೆ, ಒಳಗಿನಿಂದ ಹಚ್ಚಿದ ಜಾಲರಿ, ಹಳೆಯ ಕೆಸರು ಅಲ್ಲೇ ಸಿಗುತ್ತವೆ. ಪ್ಲಾಸ್ಟಿಕ್ ಭಾಗಗಳ ಒಳಗೆ ಅಚ್ಚಿನಲ್ಲೇ ಮೂಡಿದ ಪುಟ್ಟ ಗಡಿಯಾರದಂಥ ವೃತ್ತ ಸಾಮಾನ್ಯವಾಗಿ ಇರುತ್ತದೆ. ಬಾಣದ ಗುರುತು ತಿಂಗಳನ್ನೂ ನಡುವಿನ ಅಂಕಿ ವರ್ಷವನ್ನೂ ತೋರಿಸುತ್ತದೆ. ನಿಮ್ಮ ಕಾರು 2019ರದ್ದಾಗಿದ್ದು, ‘ಹೊಸ’ ಬಂಪರಿನ ವೃತ್ತದಲ್ಲೂ 19 ಎಂದಿದ್ದರೆ ವಿವರಣೆ ಕೇಳಬೇಕಾದ ವಿಷಯ. ಹೆಡ್‌ಲೈಟಿನ ಮೇಲಿನ ಚೀಟಿಯಲ್ಲಿರುವ ಪಾರ್ಟ್ ನಂಬರನ್ನು ಬಿಲ್ಲಿನ ಜೊತೆ ಹೋಲಿಸಿ. ಎರಡು ಬದಿಯ ದೀಪಗಳಲ್ಲಿ ಒಂದರ ಗಾಜು ಮಾಸಿ ಇನ್ನೊಂದು ಹೊಳೆಯುತ್ತಿದ್ದರೆ ಹೊಳೆಯುವುದು ಹೊಸದು. ಎರಡೂ ಒಂದೇ ತರಹ ಮಾಸಿದ್ದರೆ ಬಿಲ್ ಸುಳ್ಳು ಹೇಳುತ್ತಿದೆ.

ತೆಗೆದ ಹಳೆಯ ಭಾಗಗಳು ಎಲ್ಲಿ ಎಂದು ಕೇಳಿ. ಅವುಗಳಿಗೆ ಗುಜರಿ ಬೆಲೆ ಹಿಡಿದು ಕ್ಲೇಮಿನಲ್ಲಿ ಕಡಿದಿರುತ್ತಾರೆ, ಆದ್ದರಿಂದ ಅವು ಎಲ್ಲಿವೆ ಎಂದು ಗ್ಯಾರೇಜಿನವರು ಹೇಳಲೇಬೇಕು. ಅನುಮಾನ ಉಳಿದರೆ ದುರಸ್ತಿಯಾದ ಕಾರಿನ ಮರುತಪಾಸಣೆ ಮಾಡಿ ಎಂದು ಕಂಪನಿಗೆ ಮಿಂಚಂಚೆ ಬರೆಯಿರಿ, ಬಿಲ್ಲಿನ ಮತ್ತು ಬಂಪರಿನ ಒಳಮೈಯ ಫೋಟೊ ಜೊತೆಗಿಡಿ. ‘ಕೆಲಸ ತೃಪ್ತಿಕರ’ ಎಂದು ಅಚ್ಚಾಗಿರುವ ಕಾಗದವೊಂದಕ್ಕೆ ಕಾರಿನ ಕೀಲಿ ಕೊಡುವಾಗ ಅವಸರದಲ್ಲಿ ಸಹಿ ಕೇಳುತ್ತಾರೆ. ಇನ್ನೂ ಹಾಕಿಲ್ಲದಿದ್ದರೆ ಮರುತಪಾಸಣೆ ಮುಗಿಯುವವರೆಗೆ ಹಾಕಬೇಡಿ. ಹಾಕಿಯಾಗಿದ್ದರೂ ಮಿಂಚಂಚೆ ಬರೆಯಲು ಅಡ್ಡಿಯಿಲ್ಲ, ಆದರೆ ಕಾರನ್ನು ಬೇರೆ ಕಡೆ ಬಿಚ್ಚಿಸುವ ಮೊದಲೇ ಬರೆಯಿರಿ.